ಪಿಲ್ಸೆನ್ನಿನ ನೆಲಮಾಳಿಗೆ
ಚೆಕ್ ಗಣರಾಜ್ಯದ ಪಿಲ್ಸೆನ್ ಪಟ್ಟಣಕ್ಕೆ ಬಿಯರ್‌ಪ್ರಿಯರು ಹೋಗುವುದೇ ನೆಲದಡಿಗೆ ಇಳಿಯಲಿಕ್ಕೆ. 1838ರಲ್ಲಿ ಇಲ್ಲಿ 36 ಪೀಪಾಯಿ ಕೆಟ್ಟ ಬಿಯರನ್ನು ಪುರಭವನದೆದುರೇ ಚೆಲ್ಲಿದ್ದರು! ಆ ಅವಮಾನದಿಂದ ಎಚ್ಚೆತ್ತ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು. ಬವೇರಿಯದಿಂದ ಬಂದ ಯೋಸೆಫ್ ಗ್ರೋಲ್ 1842ರಲ್ಲಿ ಊರಿನ ಮೆದು ನೀರು, ತಿಳಿಬಣ್ಣದ ಮಾಲ್ಟ್, ಝಾಟೆಟ್ಸ್ ಸೀಮೆಯ ಹಾಪ್ಸ್ ಬಳಸಿ ಹೊನ್ನಬಣ್ಣದ ಬಿಯರ್ ಇಳಿಸಿದ.

ತಳ ಸೇರಿ ಹುದುಗಿಸುವ ಯೀಸ್ಟಿಗೆ ತಂಪು ಬೇಕು. ಅದಕ್ಕೆಂದೇ ಮರಳುಗಲ್ಲು ಕೊರೆದು ಮಾಡಿದ, ಕಿಲೋಮೀಟರುಗಟ್ಟಲೆ ಉದ್ದದ ಸುರಂಗಗಳಿವೆ. ಬೇಸಿಗೆಯಲ್ಲೂ ಸ್ವೆಟರ್ ಒಯ್ಯುವುದು ಜಾಣತನ. ಓಕ್ ಪೀಪಾಯಿಯಿಂದ ನೇರ ಲೋಟಕ್ಕಿಳಿಯುವ ಸೋಸದ ಬಿಯರು ಕೊಂಚ ಮಬ್ಬು, ಕಹಿ. ಬ್ರೆಡ್ಡಿನ ಪರಿಮಳ ಬೇರೆ. ಬಾಟಲಿಯದು ಇದರ ಮುಂದೆ ಸಪ್ಪೆಯೇ ಸರಿ.

ಮೇಲೆ, 1637ರಷ್ಟು ಹಳೆಯ 'ಉ ಸಾಲ್ಜ್‌ಮಾನು' ಪಬ್ಬಿನಲ್ಲಿ ಲೋಟಕ್ಕೆ ಮೊದಲು ಬೀಳುವುದು ನೊರೆ. ಮೋಸವೆಂದು ಜಗಳಕ್ಕಿಳಿಯಬೇಡಿ, ಗಾಳಿ ತಾಗದಂತೆ ರುಚಿ ಕಾಯುವುದು ಅದೇ.