ಕನ್ನಡದಲ್ಲಿ ಅರ್ಥ, ಇಂಗ್ಲಿಷಿನಲ್ಲಿ ನೋಟ್ಸು

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಒಂದು ಬಗೆಯ ಪಾಠ ನಡೆಯುತ್ತಿತ್ತು. ಅದನ್ನು ಯಾವ ಸುತ್ತೋಲೆಯೂ ವಿಧಿಸಿದ್ದಲ್ಲ, ಯಾವ ತರಬೇತಿಯೂ ಕಲಿಸಿದ್ದಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ‘ಇನ್‌ಎಲಾಸ್ಟಿಕ್ ಡಿಮ್ಯಾಂಡ್’ ಎಂದು ಬರೆದು, ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ, ತಿರುಗಿ ನೋಡುವರು. ಮುಂದಿನ ಎರಡು ಬೆಂಚು ಬಿಟ್ಟರೆ ಉಳಿದವರಿಗೆ ಏನೂ ತಲುಪಿಲ್ಲವೆಂದು ಆ ಒಂದು ನೋಟಕ್ಕೇ ತಿಳಿದುಹೋಗುತ್ತಿತ್ತು. ಚಾಕ್‌ಪೀಸು ಕೆಳಗಿಟ್ಟು, “ಉಪ್ಪಿನ ಬೆಲೆ ಎರಡರಷ್ಟಾದ್ರೆ ನಿಮ್ಮನೇಲಿ ಸಾರಿಗೆ ಉಪ್ಪು ಕಮ್ಮಿ ಹಾಕ್ತಾರೇನ್ರಯ್ಯ?” ಎಂದು ಕೇಳುವರು. “ಇಲ್ಲ ಸಾರ್.” “ರೇಷ್ಮೆ ಸೀರೆ ಬೆಲೆ ಏರಿದ್ರೆ?” “ಅಮ್ಮ ಹಳೇದೇ ಉಟ್ಕೋತಾರೆ ಸಾರ್.” “ಅಷ್ಟೇ ಕಣ್ರಯ್ಯ ವಿಷಯ, ಈಗ ಬರ್ಕೊಳ್ಳಿ.” ಅಲ್ಲಿಂದ ಮುಂದೆ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ನೋಟ್ಸು.

ನಾನು ಕಲಿತದ್ದು ಹೀಗೆ, ಕಲಿಸಿದ್ದೂ ಹೀಗೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಬಂದೊಡನೆ ಇಂಗ್ಲಿಷಿನ ಮುಂದೆ ಮಾತು ಕಳೆದುಕೊಂಡ ಲಕ್ಷಾಂತರ ಮಕ್ಕಳನ್ನು ದಡ ಸೇರಿಸಿದ್ದು ಈ ಎರಡು ಭಾಷೆಗಳ ಓಡಾಟವೇ. ಇದಕ್ಕೆ ವಿಶ್ವವಿದ್ಯಾಲಯದ ಕಡತಗಳಲ್ಲಿ ಜಾಗವಿರಲಿಲ್ಲ. ಪಠ್ಯಕ್ರಮದಲ್ಲಿ ಘಟಕ, ಗಂಟೆ, ಅಂಕ ಇದ್ದವು. ಉಪ್ಪು, ಸೀರೆ ಇರಲಿಲ್ಲ. ಕಾಗದದಲ್ಲಿ ಇಲ್ಲದ ಕಾರಣಕ್ಕೇ ಅದು ಹೋಗುತ್ತಿರುವುದು ಇಂದು ಯಾರ ಲೆಕ್ಕಕ್ಕೂ ಬರುತ್ತಿಲ್ಲ.

2016ರಲ್ಲಿ ಯುಜಿಸಿ ನಿಯಮವೊಂದನ್ನು ತಂದಿತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರವರೆಗೆ ‘ಸ್ವಯಂ’ ವೇದಿಕೆಯ ಆನ್‌ಲೈನ್ ಕೋರ್ಸುಗಳಿಂದ ತುಂಬಿಕೊಳ್ಳಬಹುದು ಎಂದಿತು. 2017ರಲ್ಲಿ ‘ಸ್ವಯಂ’ ಉದ್ಘಾಟನೆಯಾಯಿತು. ಕೊರೊನಾ ಕಾಲದಲ್ಲಿ, 2021ರಲ್ಲಿ, ಆ ಮಿತಿ ಶೇ. 40ಕ್ಕೆ ಏರಿತು. ಅಂದಿನಿಂದ ಅಧ್ಯಾಪಕರು ಸೇರುವ ಸಭೆಗಳಲ್ಲಿ ಇದೇ ಮಾತು: ಯಾವ ಪೇಪರನ್ನು ಆನ್‌ಲೈನಿಗೆ ಬಿಡೋಣ, ಎಷ್ಟು ಕ್ರೆಡಿಟ್ ಕೊಡೋಣ, ಉಳಿದ ವರ್ಕ್‌ಲೋಡ್ ಏನಾಗುತ್ತದೆ.

ನಿವೃತ್ತಿಗೆ ಮುಂಚೆ ಅಂಥ ಅಧ್ಯಯನ ಮಂಡಳಿಯ (ಬಿ.ಓ.ಎಸ್.) ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಪರವಾಗಿ ಮಾತಾಡಿದ ಕಿರಿಯ ಮಿತ್ರರ ವಾದದಲ್ಲಿ ಹುರುಳಿತ್ತು. ಐಐಟಿಯ ಪ್ರಾಧ್ಯಾಪಕರ ಪಾಠವನ್ನು ಹಳ್ಳಿಯ ಹುಡುಗಿ ಮನೆಯಲ್ಲೇ ಕುಳಿತು ಕೇಳುವಂತಾದದ್ದು ಸಣ್ಣ ಸಂಗತಿಯಲ್ಲ. ಅಧ್ಯಾಪಕರೇ ಇಲ್ಲದ ಐಚ್ಛಿಕ ವಿಷಯವೊಂದನ್ನು ಓದಬೇಕೆಂಬ ಹುಡುಗನಿಗೆ ಬೇರೆ ದಾರಿಯೂ ಇಲ್ಲ. ಕೆಲವು ಕೋರ್ಸುಗಳ ಪಠ್ಯವನ್ನು ಕನ್ನಡಕ್ಕೆ ಅನುವಾದಿಸಿ ಕೊಡುವ ಕೆಲಸವೂ ನಡೆದಿದೆ. ಇದನ್ನೆಲ್ಲ ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಅನುವಾದವಾದ ಪಾಠಕ್ಕೂ ಕಣ್ಣಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಇನ್ನೊಂದು ಸಲ ಹೇಳಬೇಕು ಎಂಬುದು ಮೇಷ್ಟ್ರಿಗೆ ಗೊತ್ತಾಗುತ್ತಿದ್ದದ್ದು ಎದುರಿಗಿದ್ದ ಮಕ್ಕಳಿಂದ. ಮಂಡ್ಯದ ತರಗತಿಯಲ್ಲಿ ಕಬ್ಬಿನ ಬೆಲೆ ಉದಾಹರಣೆಯಾದರೆ, ಚಿಕ್ಕಮಗಳೂರಿನಲ್ಲಿ ಕಾಫಿಯದು, ರಾಮನಗರದಲ್ಲಿ ರೇಷ್ಮೆಗೂಡಿನದು. ಎಷ್ಟೋ ಸಲ ವಿದ್ಯಾರ್ಥಿಯೇ ನಮ್ಮನ್ನು ತಿದ್ದಿದ್ದುಂಟು. “ಸಾರ್, ಬೆಲೆ ಏರಿದ್ರೆ ಎಲ್ರೂ ಜಾಸ್ತಿ ಮಾರ್ತಾರೆ ಅಂದ್ರಲ್ಲ, ನಮ್ಮಪ್ಪನಿಗೆ ಬೆಲೆ ಏರೋವರೆಗೂ ಕಾಯೋಕೇ ಆಗಲ್ಲ, ಸಾಲ ಕೊಟ್ಟೋರು ಕಣದಲ್ಲೇ ಬಂದು ನಿಂತಿರ್ತಾರೆ” ಎಂದ ಹುಡುಗನ ಮಾತನ್ನು ನಾನು ಮುಂದಿನ ಎಲ್ಲ ವರ್ಷಗಳ ಪಾಠದಲ್ಲೂ ಸೇರಿಸಿಕೊಂಡೆ. ಪೂರೈಕೆಯ ನಿಯಮವನ್ನು ಅದಕ್ಕಿಂತ ಚೆನ್ನಾಗಿ ಪ್ರಶ್ನಿಸಿದ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ. ರೆಕಾರ್ಡ್ ಆದ ಪಾಠಕ್ಕೆ ಆ ಹುಡುಗ ಏನು ಹೇಳಿದರೂ ಮುಂದಿನ ವರ್ಷ ಅದೇ ಪಾಠ.

ದೂರಶಿಕ್ಷಣ ನಮಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಪೊಲೀಸ್ ಪೇದೆಗಳು, ಅಂಗನವಾಡಿ ಕಾರ್ಯಕರ್ತೆಯರು, ಮದುವೆಯಾಗಿ ಓದು ಬಿಟ್ಟಿದ್ದವರು ಅಲ್ಲಿಂದ ಪದವಿ ಪಡೆದರು. ಅವರಿಗೆ ಪಾಠ ಅಂಚೆಯಲ್ಲಿ ಬರುತ್ತಿತ್ತು. ಆದರೂ ಸಂಪರ್ಕ ತರಗತಿ ಎಂದು ಇಡುತ್ತಿದ್ದರು. ಅದಕ್ಕಾಗಿ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಬಂದು, ಪರಿಚಿತರ ಮನೆಯಲ್ಲೋ ಛತ್ರದಲ್ಲೋ ಉಳಿದು ಕೂರುತ್ತಿದ್ದರು. ಪುಸ್ತಕದಲ್ಲಿ ಅರ್ಥವಾಗದ ಪುಟಗಳಿಗೆ ಮೂಲೆ ಮಡಿಚಿ ತಂದಿರುತ್ತಿದ್ದರು. ಕಾಗದದ ಮೇಲೆಯೇ ನಡೆಯಬೇಕಾಗಿದ್ದ ಶಿಕ್ಷಣ ಕೂಡ ಮುಖಾಮುಖಿಯನ್ನು ಪೂರ್ತಿ ಬಿಟ್ಟಿರಲಿಲ್ಲ.

ಅದಕ್ಕೂ ಹಿಂದೆ, ಸ್ವಾತಂತ್ರ್ಯಕ್ಕೂ ಮೊದಲು, ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಚಾರೋಪನ್ಯಾಸಕ್ಕೆಂದು ಊರೂರಿಗೆ ಹೋಗಿ, ವಿಜ್ಞಾನ, ಚರಿತ್ರೆ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳಿಬರುತ್ತಿದ್ದರು. ಆ ಮಾತುಗಳು ಸಣ್ಣ ಪುಸ್ತಕಗಳಾಗಿ ಅಚ್ಚಾದವು. ಜನರಿದ್ದಲ್ಲಿಗೆ ಜನರ ಭಾಷೆಯಲ್ಲೇ ಹೋಗಿದ್ದ ವಿದ್ಯಾಸಂಸ್ಥೆಯ ನಾಡಿನಲ್ಲಿ ಇವತ್ತು ಎದುರಿಗೆ ಬಂದು ಕುಳಿತ ಮಕ್ಕಳಿಗೂ ಲಿಂಕ್ ಕಳಿಸುವ ಯೋಚನೆ ನಡೆದಿದೆ. ನನಗೆ ನೋವಾಗುವುದು ಇಲ್ಲಿ.

ಮೈಸೂರಿನ ಮಹಾರಾಜ ಕಾಲೇಜಿನ ಕಥೆ ಎಲ್ಲರಿಗೂ ಗೊತ್ತು. ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ಹೀಗೆ ಕೃತಜ್ಞತೆ ಹುಟ್ಟಬೇಕಾದರೆ ಹೇಳುವವರೂ ಕೇಳುವವರೂ ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು.

ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ. ಕಾಯಂ ಹುದ್ದೆಗಳು ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರಿಂದ ವರ್ಷಗಳು ಸಾಗುತ್ತಿವೆ. ಒಂದು ಪೇಪರು ಆನ್‌ಲೈನಿಗೆ ಹೋದರೆ ಅದಕ್ಕೆ ಮೇಷ್ಟ್ರನ್ನು ಹುಡುಕುವ ತಾಪತ್ರಯವಿಲ್ಲ. ನಾನಿದ್ದ ಒಂದು ಸಭೆಯಲ್ಲಿ ಚರ್ಚೆ ಮುಗಿದದ್ದೇ ಈ ಅನುಕೂಲದ ಮೇಲೆ. ಆ ಪೇಪರು ಮಕ್ಕಳಿಗೆ ಯಾರ ನೆರವೂ ಇಲ್ಲದೆ ಅರ್ಥವಾಗುವಂಥದೇ ಎಂದು ಯಾರೂ ಕೇಳಲಿಲ್ಲ. ವರ್ಕ್‌ಲೋಡ್ ಒಮ್ಮೆ ಇಳಿದರೆ ಹುದ್ದೆ ಕೇಳಲು ಆಧಾರವೇ ಉಳಿಯುವುದಿಲ್ಲ. ಹುದ್ದೆ ಹೋದಮೇಲೆ, ಆನ್‌ಲೈನ್ ಪಾಠ ಸಾಲದು ಎಂದು ಗೊತ್ತಾದರೂ ತರಗತಿಗೆ ಹೋಗಿ ನಿಲ್ಲುವವರು ಯಾರು?

ಈಗ ಅಂಥ ಸಭೆಗಳಲ್ಲಿ ಕುಳಿತಿರುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಶೇ. 40 ಎನ್ನುವುದು ನಿಯಮ ಅನುಮತಿಸುವ ಗರಿಷ್ಠ ಮಿತಿ, ಅಷ್ಟನ್ನೂ ತುಂಬಲೇಬೇಕೆಂದು ಎಲ್ಲೂ ಹೇಳಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹೆಚ್ಚಾಗಿ ತಡವರಿಸುವುದು ಮೊದಲ ವರ್ಷದಲ್ಲಿ. ಆ ವರ್ಷದ ಮುಖ್ಯ ವಿಷಯಗಳಲ್ಲಿ ಒಂದನ್ನೂ ತರಗತಿಯಿಂದ ಹೊರಗೆ ಕಳಿಸಬೇಡಿ. ಕಳಿಸುವುದಿಲ್ಲ ಎಂಬ ನಿರ್ಣಯವನ್ನು ನಡಾವಳಿಯಲ್ಲಿ ಬರೆಸಿ, ಆ ಗಂಟೆಗಳಿಗೆ ಬೇಕಾದ ಕಾಯಂ ಹುದ್ದೆಗಳನ್ನು ಅದರ ಜೊತೆಯಲ್ಲೇ ಕೇಳಿ.