ಮೈದಾನದಲ್ಲಿ ವಿಳಾಸ ಕೇಳಿದೆ

ಆ ಷರತ್ತು ಬರೆದವನು ನಾನೇ. ನಮ್ಮ ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ಫುಟ್‌ಬಾಲ್ ಪಂದ್ಯಾವಳಿ ಇಟ್ಟುಕೊಂಡಾಗ ನಾನು ಕಾರ್ಯದರ್ಶಿಯಾಗಿದ್ದೆ. ಆಡುವವರೆಲ್ಲ ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡಿನ ಜೆರಾಕ್ಸ್ ಕೊಡಬೇಕು ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದೆ. ರಾಜ್ಯೋತ್ಸವದ ಕಪ್ ನಾಡಿನ ಹುಡುಗರಿಗೇ ಸಿಗಲಿ ಎಂಬ ಆಸೆ. ಯಾರ ಮೇಲಿನ ದ್ವೇಷದಿಂದಲೂ ಬರೆದದ್ದಲ್ಲ. ಆದರೆ ಆ ಸಾಲು ಯಾರನ್ನು ಹೊರಗಿಡುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೋಟೆಲ್ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟಿನ ಗೇಟುಗಳಲ್ಲಿ ದುಡಿಯುವ ಮಣಿಪುರ, ನಾಗಾಲ್ಯಾಂಡಿನ ಹುಡುಗರು ಬೆಳಿಗ್ಗೆ ನಮ್ಮ ಮೈದಾನಕ್ಕೆ ಬರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬರುವವರೂ ಇದ್ದರು. ಎಡಗಾಲಲ್ಲಿ ಪಾಸ್ ಕೊಡುವುದನ್ನು ನಮ್ಮ ಹುಡುಗರಿಗೆ ಕಲಿಸಿದವರು ಅವರು. ಅವರ ಬಾಯಿಗೆ ಕನ್ನಡ ಹತ್ತಿದ್ದೂ ಅಲ್ಲೇ. ಪ್ರವೇಶ ಶುಲ್ಕ ಹಿಡಿದು ಬಂದಾಗ ಕಾರ್ಡು ಕೇಳಿದೆ. ತೋರಿಸಿದರು. ವಿಳಾಸ ಅವರ ಊರಿನದು. ಆಗಲ್ಲಪ್ಪ ಎಂದೆ. ಪಕ್ಕದಲ್ಲಿದ್ದ ನಮ್ಮ ಗೋಲ್‌ಕೀಪರ್ ಹುಡುಗ, "ಅಣ್ಣಾ, ನನ್ನ ಮುಂದೆ ಬ್ಯಾಕ್ ಆಡೋದೇ ಇವ್ರು. ಇವ್ರಿಲ್ದೆ ಎಲ್ಲೀ ಟೀಮು?" ಅಂದ. ರೂಲ್ಸು ರೂಲ್ಸೇ ಎಂದು ಅವನ ಬಾಯಿ ಮುಚ್ಚಿಸಿದೆ.

ಪಂದ್ಯಾವಳಿ ನಡೆಯಿತು, ಕಪ್ ಕೊಟ್ಟೆವು. ಬೆಳಗಿನ ಆಟ ಮಾತ್ರ ನಿಂತುಹೋಯಿತು.

ಸಂಘದ ಸ್ಮರಣ ಸಂಚಿಕೆಗೆ ಬೆಂಗಳೂರಿನ ಫುಟ್‌ಬಾಲ್ ಬಗ್ಗೆ ಬರೆಯುವ ಕೆಲಸವೂ ನನಗೇ ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಿಂದ ಶುರು ಮಾಡಿದೆ. ಸ್ವತಂತ್ರ ಭಾರತದ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ, ಫ್ರಾನ್ಸ್ ಎದುರು 1–2ರಲ್ಲಿ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿ ನಮ್ಮೂರಿನ ಅಹ್ಮದ್ ಖಾನ್ ಕೂಡ ಇದ್ದರು. ಹೆಮ್ಮೆಯಿಂದ ಬರೆಯುತ್ತಾ ನಾಯಕರ ಹೆಸರಿಗೆ ಬಂದೆ: ಟಾಲಿಮೆರೆನ್ ಆವೊ. ನಾಗಾ ಬೆಟ್ಟಗಳಿಂದ ಕಲ್ಕತ್ತೆಗೆ ಬಂದು ವೈದ್ಯಕೀಯ ಓದಿದವರು. ಮುಂದೆ ಬರೆಯಲಾಗಲಿಲ್ಲ. ರಾಮನ್ ಅವರ ನಾಯಕ ಹುಟ್ಟಿದ ನಾಡಿನ ಹುಡುಗರನ್ನು ರಾಮನ್ ಅವರ ಊರಿನಲ್ಲೇ ನಾನು ವಾಪಸ್ ಕಳಿಸಿದ್ದೆ.

ಅಷ್ಟೇ ಅಲ್ಲ. ಮೈಸೂರು ತಂಡ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದದ್ದು 1946–47ರಲ್ಲಿ. ಬೆಂಗಳೂರಿನ ಫುಟ್‌ಬಾಲಿಗೆ ತವರಾಗಿದ್ದ ದಂಡು ಪ್ರದೇಶವನ್ನು ಆಗ ಆಳುತ್ತಿದ್ದವರು ಬ್ರಿಟಿಷರು. ಮೈಸೂರಿಗೆ ಅದು ಮರಳಿದ್ದು 1947ರ ಜುಲೈನಲ್ಲಿ. ತಮಿಳು, ಉರ್ದು, ತೆಲುಗು ಮಾತಾಡುವ ಆ ಗಲ್ಲಿಗಳ ಹುಡುಗರ ಹತ್ತಿರ ಯಾರಾದರೂ ನನ್ನಂತೆ ವಿಳಾಸ ಕೇಳಿ ಬಾಗಿಲು ಹಾಕಿದ್ದರೆ ಈ ನಾಡಿನ ಫುಟ್‌ಬಾಲಿಗೆ ಹೇಳಿಕೊಳ್ಳಲು ಏನು ಉಳಿಯುತ್ತಿತ್ತು? 2023ರ ಮಾರ್ಚ್‌ನಲ್ಲಿ, ಹಿಂದಿನ ಗೆಲುವಿನ 54 ವರ್ಷಗಳ ಬಳಿಕ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಅದೇ ಟ್ರೋಫಿ ಎತ್ತಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಈ ಮೂವರಲ್ಲಿ ಯಾರ ಹೆಸರು ನಮ್ಮದು, ಯಾರದು ಅಲ್ಲ ಎಂದು ವಿಂಗಡಿಸಲು ಹೊರಟರೆ ಆ ಗೆಲುವೇ ನಮ್ಮದಾಗಿ ಉಳಿಯುವುದಿಲ್ಲ.

ಆ ಹುಡುಗರನ್ನು ಹುಡುಕಿಕೊಂಡು ಹೋದೆ. ಕೆಲವರು ಆಗಲೇ ಊರು ಬಿಟ್ಟಿದ್ದರು. ಅವರಲ್ಲಿ ಕ್ಷಮೆ ಕೇಳುವುದು ಇಂದಿಗೂ ಆಗಿಲ್ಲ. ಸಿಕ್ಕವರಲ್ಲಿ ಒಬ್ಬ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನು ಕಾರ್ಡ್ ಕೇಳಲ್ಲ ಅಂತ ಬರೆದು ಕೊಡಿ ಅಣ್ಣ" ಎಂದ. ಬರೆದುಕೊಟ್ಟೆ. ಈಗ ಬೆಳಗಿನ ಆಟಕ್ಕೆ ಬರುವವರೆಲ್ಲರ ಹೆಸರು ಬರೆದು, ಚೀಟಿ ಎತ್ತಿ ತಂಡ ಕಟ್ಟುತ್ತೇವೆ. ಚಿಕ್ಕ ಹುಡುಗರಿಗೆ ಆಟ ಹೇಳಿಕೊಡುವ ಜವಾಬ್ದಾರಿ ಅವನದೇ.