ಚಪ್ಪಟೆ ಮೂತಿಯ ಗುಂಡು

ಗುಂಡು ಎಂದರೆ ಮೊನಚಾಗಿಯೋ ದುಂಡಗೋ ಇರಬೇಕು ಎಂದು ನಾವೆಲ್ಲ ಎಣಿಸಿರುತ್ತೇವೆ. ವಾಡ್‌ಕಟರ್ ಗುಂಡಿಗೆ ಮೊನೆಯೇ ಇಲ್ಲ. ಸೀಸದ ಪುಟ್ಟ ಉರುಳೆ ಅದು. ತಲೆಯೂ ಚಪ್ಪಟೆ, ಬುಡವೂ ಚಪ್ಪಟೆ. ಬೇರೆ ಗುಂಡುಗಳು ಗುರಿಹಲಗೆಯ ಕಾಗದವನ್ನು ಹರಿದುಕೊಂಡು ಹೋದರೆ, ಇದು ತನ್ನ ಅಂಚಿನಿಂದ ಕತ್ತರಿಸಿ ಚೊಕ್ಕ ತೂತು ಬಿಡುತ್ತದೆ. ಅಂಕದ ಗೆರೆಗೆ ತಾಗಿತೋ ಇಲ್ಲವೋ ಎಂಬ ತಕರಾರು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ನನಗೆ ಇದರ ಮೇಲೆ ಅಕ್ಕರೆ ಹುಟ್ಟಿದ್ದು ಈ ನೇರತನಕ್ಕೆ.

ಅಮೆರಿಕದಲ್ಲಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದು ಹಳೆಯ ಹವ್ಯಾಸ. ಓಹಾಯೋದಲ್ಲಿ ನೆಲೆಸಿದ ಮೇಲೆ ನಮ್ಮ ಗ್ಯಾರೇಜಿನ ಮೂಲೆಯಲ್ಲೂ ಗಟ್ಟಿ ಮೇಜು, ಅದಕ್ಕೆ ಬಿಗಿದ ಪ್ರೆಸ್ಸು, ತಕ್ಕಡಿ, ಅಚ್ಚು ಬಂದು ಕೂತವು. ನನ್ನದು .32 ಸ್ಮಿತ್ ಆಂಡ್ ವೆಸನ್ ಲಾಂಗ್ ತೋಟಾದ, ಜೇಬಿಗೆ ಹಿಡಿಸುವ ಹಳೆಯ ರಿವಾಲ್ವರ್. 1896ರಲ್ಲಿ ಬಂದ ಈ ತೋಟಾ ತಾನು ಹುಟ್ಟಿದ ಅಮೆರಿಕದಲ್ಲಿ ಮೂಲೆಗೆ ಸರಿದಿದೆ. ಆದರೆ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರಿಗೂ .32 ತೋಟಾವೇ. 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜಸ್ಪಾಲ್ ರಾಣಾ ಚಿನ್ನ ಗೆದ್ದ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲೂ .32 ವಾಡ್‌ಕಟರ್ ಬಳಸುವುದೇ ರೂಢಿ.

ಅದರ ವಾಡ್‌ಕಟರ್ ಗುಂಡುಗಳನ್ನು ನಾನೇ ಎರೆದುಕೊಳ್ಳುತ್ತೇನೆ. ಎರಕದ ದಿನ ಅವಸರ ಸಲ್ಲದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರೊಡನೆ ಕೊಂಚ ತವರ ಬೆರೆತರೆ ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯುತ್ತದೆ. ಆಂಟಿಮನಿ ಬೆರೆತರೆ ಗಟ್ಟಿಯಾಗುತ್ತದೆ. ಒಂದು ಚೂರು ಜೇನುಮೇಣ ಹಾಕಿ ಕಲಕಿದರೆ ಹೊಗೆಯೆದ್ದು ಕಿಟ್ಟ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದ ಮೇಲೆ ಕೆಳಗೆ ಬೆಳ್ಳಿಯ ಹೊಳಪು. ಕಾವಲಿ ಕಾಯುವ ಮುನ್ನ ಹೊಯ್ದ ದೋಸೆಯ ಹಾಗೆ, ಅಚ್ಚು ಕಾಯುವ ಮುನ್ನ ಬಿದ್ದ ಗುಂಡುಗಳೆಲ್ಲ ಸುಕ್ಕು. ಅವು ಮತ್ತೆ ಪಾತ್ರೆಗೇ. ಅಚ್ಚು ಹದಕ್ಕೆ ಬಂದ ಮೇಲೆ ನೋಡುವುದೇ ಒಂದು ಸುಖ. ಅಚ್ಚಿನ ಬಾಯಲ್ಲಿ ನಿಂತ ಸೀಸ ಒಂದೆರಡು ಗಳಿಗೆ ಥಳಥಳಿಸಿ, ಇದ್ದಕ್ಕಿದ್ದಂತೆ ಮಂಕಾಗುತ್ತದೆ. ತುಸು ತಡೆದು ಮೇಲಿನ ತಗಡನ್ನು ತಟ್ಟಿದರೆ ಹೆಚ್ಚಿನ ಸೀಸ ಕತ್ತರಿಸಿ ಬಿದ್ದು, ಅಚ್ಚು ತೆರೆದಾಗ ಗುಂಡು ಬಟ್ಟೆಯ ಮೇಲೆ ಉರುಳುತ್ತದೆ. ಬಾಗಿಲು ತೆರೆದಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು, ನೀರು ಹತ್ತಿರ ಸುಳಿಯಬಾರದು. ಒಂದು ಹನಿ ಸಿಕ್ಕಿಕೊಂಡರೂ ಆವಿಯಾಗಿ ಸಿಡಿದು ಕಾದ ಸೀಸವನ್ನು ಎರಚುತ್ತದೆ.

ತಣಿದ ಗುಂಡುಗಳನ್ನು ಆರಿಸುವಾಗ ನಾನು ಮೊದಲು ನೋಡುವುದು ಬುಡವನ್ನು. ಸುಟ್ಟ ಮದ್ದಿನ ಅನಿಲ ತಳ್ಳುವುದು ಅಲ್ಲಿಂದ. ಬುಡದ ಅಂಚು ಮುಕ್ಕಾಗಿದ್ದರೆ ನಳಿಗೆ ಬಿಡುವಾಗಲೇ ಗುಂಡು ವಾಲುತ್ತದೆ. ಒಳ್ಳೆಯವನ್ನು ಉಳಿಸಿಕೊಂಡು ಅವುಗಳ ಮೈಸುತ್ತಲಿನ ಕಚ್ಚುಗಳಿಗೆ ಮೇಣ ತುಂಬುತ್ತೇನೆ, ನಳಿಗೆಗೆ ಸೀಸ ಅಂಟದಿರಲೆಂದು.

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜ ಕೇಪಿನ ಕೋವಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಗಟ್ಟಿಸುವಾಗ ಯಾರ ಜತೆಗೂ ಮಾತಾಡುತ್ತಿರಲಿಲ್ಲ. ಮದ್ದಿನ ಮುಂದೆ ನನ್ನ ಮೌನವೂ ಅವರಿಂದಲೇ ಬಂದದ್ದು. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತರಲ್ಲೊಂದು ಪಾಲಿಗೂ ಇಲ್ಲಿ ಬೆಲೆಯಿದೆ. ವಾಡ್‌ಕಟರ್ ಹಿತ್ತಾಳೆಯ ಕೋಶದೊಳಗೆ ಬಾಯಿಮಟ್ಟ ಮುಳುಗಿ ಕೂರುವುದರಿಂದ ಕೆಳಗೆ ಉಳಿಯುವ ಜಾಗ ಕಡಿಮೆ. ಅಳತೆ ಮೀರಿದರೆ ಒತ್ತಡ ಬಂದೂಕನ್ನೇ ಒಡೆದೀತು. ಕೈಪಿಡಿ ಹೇಳಿದ ತೂಕವನ್ನೇ ಹಾಕಿ, ದೀಪದ ಕೆಳಗೆ ಪ್ರತಿ ಕೋಶದೊಳಗೂ ಇಣುಕಿ, ಆಮೇಲೆ ಗುಂಡು ಕೂರಿಸುತ್ತೇನೆ.

ಪುಟ್ಟ ರಿವಾಲ್ವರಿನ ನಳಿಗೆ ಗಿಡ್ಡ. ನೋಟದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಗುರಿಹಲಗೆಯಲ್ಲಿ ಬೆರಳಗಲ ಸರಿದಿರುತ್ತದೆ. ಅಂಗಡಿಯ ತೋಟಾ ಆಗಿದ್ದರೆ ದೂರಲು ಏನಾದರೂ ಸಿಗುತ್ತಿತ್ತು. ಇಲ್ಲಿ ಸೀಸ ಕಾಯಿಸಿದ್ದು, ಬುಡ ನೋಡಿ ಆರಿಸಿದ್ದು, ಮದ್ದು ತೂಗಿದ್ದು ಎಲ್ಲ ಇದೇ ಕೈ. ಗುರಿಕಾರನಿಗೂ ಗುರಿಗೂ ನಡುವಿನ ನೆಪಗಳನ್ನು ಒಂದೊಂದಾಗಿ ತೆಗೆದುಹಾಕುವ ಈ ಕೆಲಸವನ್ನು ನಾನು ಗುರಿ ಹೊಡೆಯುವುದಕ್ಕಿಂತಲೂ ಹೆಚ್ಚು ಪ್ರೀತಿಸುತ್ತೇನೆ.